ಜಪಾನ್‌ನ ಹೊಳೆದಂಡೆಯ ಹಳೇ ರ್ಯೋಕನ್ ಕೊಳ್ಳುವುದು: ಮುಂಗಡ ಕೊಡುವ ಮೊದಲು ಏನೇನು, ಯಾವ ಕ್ರಮದಲ್ಲಿ

ಜಪಾನಿನ ಹಳ್ಳಿಗಾಡು, ಕೆಳಗೆ ತಿಳಿನೀರಿನ ಹೊಳೆ, ಮುಚ್ಚಿದ ಒಂದು ರ್ಯೋಕನ್, ಅಂದರೆ ಜಪಾನಿ ಶೈಲಿಯ ಅತಿಥಿಗೃಹ. ಹತ್ತು ಕೋಣೆ, ಮರದ ಜಗಲಿ, ದೊಡ್ಡ ಸ್ನಾನದ ತೊಟ್ಟಿ. ಬೆಲೆ ನೋಡಿದರೆ ಬೆಂಗಳೂರಿನ ಹೊರವಲಯದ ಸೈಟಿಗಿಂತ ಕಡಿಮೆ. ಇಂಥ ವಿಡಿಯೊ ನೋಡಿ ಕೊಳ್ಳಲು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಮೊದಲು ಮನೆ ನೋಡುತ್ತಾರೆ, ಆಮೇಲೆ ಚೌಕಾಸಿ ಮಾಡುತ್ತಾರೆ, ಮುಂಗಡ ಕೊಡುತ್ತಾರೆ. ಲೈಸೆನ್ಸ್, ನೆರೆ, ಕೊಳಚೆ ಟ್ಯಾಂಕು ಇವೆಲ್ಲ ನೆನಪಾಗುವುದು ಅದಾದ ಮೇಲೆ.

ಈ ಕ್ರಮವನ್ನು ಪೂರ್ತಿ ಉಲ್ಟಾ ಮಾಡಬೇಕು. ಆ ಜಾಗದಲ್ಲಿ ಏನು ಮಾಡಲು ಬಿಡುತ್ತಾರೆ ಅನ್ನುವುದು ಮೊದಲು, ಕಟ್ಟಡ ಆಮೇಲೆ, ಬೆಲೆ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಒಂದನ್ನು ಹಾರಿಸಿದರೆ ಮುಂದಿನದಕ್ಕೆ ಹಾಕಿದ ದುಡ್ಡು ದಂಡವಾಗಬಹುದು.

## ಮೊದಲು ಕೈಯಲ್ಲಿರಬೇಕಾದ ಜನ ಮತ್ತು ಸಾಮಾನು

ನಾಲ್ಕು ಜನ ಬೇಕು. ಪರವಾನಗಿ ಇರುವ ಆಸ್ತಿ ದಲ್ಲಾಳಿ, ನೋಂದಣಿ ಮಾಡಿಸುವ ಶಿಹೋ ಶೋಶಿ, ಲೈಸೆನ್ಸ್ ಅರ್ಜಿ ಹಾಕುವ ಗ್ಯೋಸೇ ಶೋಶಿ, ಹಳೇ ಮರದ ಮನೆ ಗೊತ್ತಿರುವ ಆರ್ಕಿಟೆಕ್ಟ್. ಜಪಾನಿ ಬರದಿದ್ದರೆ ಇವರ ಜೊತೆಗೆ ದುಭಾಷಿಯೂ ಬೇಕು. ದಲ್ಲಾಳಿಯನ್ನೇ ದುಭಾಷಿ ಮಾಡಿಕೊಳ್ಳಬೇಡಿ, ಅವನಿಗೆ ವ್ಯಾಪಾರ ಕುದುರಬೇಕಾಗಿರುತ್ತದೆ ಅಲ್ವಾ?

ಸಾಮಾನು ಅಂದರೆ ಒಳ್ಳೆ ಟಾರ್ಚ್, ಅಳತೆ ಟೇಪು, ಗಾರೆ ಕೆಲಸದವರ ಮಟ್ಟಗೋಲು, ಮರದ ತೇವ ತೋರಿಸುವ ಮೀಟರು, ಹಳೇ ಬಟ್ಟೆ. ನೆಲದಡಿ ತೆವಳಬೇಕಾಗುತ್ತದೆ.

## ಹಂತ 1: ಮನೆಯೋ ವ್ಯಾಪಾರವೋ, ಮೊದಲೇ ಗಟ್ಟಿ ಮಾಡಿ

ಜಪಾನಿನಲ್ಲಿ ವಿದೇಶಿಯರು ಜಮೀನು ಮತ್ತು ಕಟ್ಟಡವನ್ನು ಪೂರ್ತಿ ಸ್ವಂತ ಹೆಸರಿಗೆ ಕೊಳ್ಳಬಹುದು. ವೀಸಾ ಕೂಡ ಬೇಕಿಲ್ಲ. ಆದರೆ ಆಸ್ತಿ ಇದೆ ಅಂತ ವೀಸಾ ಸಿಗುವುದಿಲ್ಲ. ಈ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ನೀವೇ ಕೌಂಟರಿನಲ್ಲಿ ಕೂತು ಅತಿಥಿಗಳನ್ನು ನೋಡಿಕೊಳ್ಳುವ ಹಾಗಿಲ್ಲ.

ದಾರಿ ಮೂರು ಇವೆ.

ಒಂದು, ಸ್ವಂತಕ್ಕೆ ರಜೆಯ ಮನೆ. ಲೈಸೆನ್ಸ್ ತಲೆನೋವು ಇಲ್ಲ.

ಎರಡು, ಮಿನ್‌ಪಾಕು, ಅಂದರೆ ವಾಸದ ಮನೆಯನ್ನೇ ಅತಿಥಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವುದು. 2018ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ 180 ದಿನ ಬಾಡಿಗೆಗೆ ಕೊಡಬಹುದು. ನೀವು ಅಲ್ಲಿರದಿದ್ದರೆ, ಅಥವಾ ಕೋಣೆಗಳು 5ಕ್ಕಿಂತ ಜಾಸ್ತಿ ಇದ್ದರೆ, ನೋಂದಾಯಿತ ನಿರ್ವಹಣಾ ಸಂಸ್ಥೆಗೆ ವಹಿಸಲೇಬೇಕು. ಹಳ್ಳಿಯಲ್ಲಿ ಅಂಥ ಸಂಸ್ಥೆ ಇದೆಯೇ ಅಂತ ಈಗಲೇ ವಿಚಾರಿಸಿ. ಎಷ್ಟೋ ಕಣಿವೆಗಳಿಗೆ ಯಾರೂ ಬರಲು ಒಪ್ಪುವುದಿಲ್ಲ.

ಮೂರು, ರ್ಯೋಕನ್ ಕಾನೂನಿನ ಪೂರ್ತಿ ಲೈಸೆನ್ಸ್. ವರ್ಷವಿಡೀ ನಡೆಸಬಹುದು, ಆದರೆ ಷರತ್ತು ಜಾಸ್ತಿ.

ಅಲ್ಲೇ ಇದ್ದು ನಡೆಸುವ ಆಸೆ ಇದ್ದರೆ ವ್ಯಾಪಾರ ನಿರ್ವಹಣಾ ವೀಸಾ ಬೇಕು. 2025ರ ಅಕ್ಟೋಬರಿನಲ್ಲಿ ಇದಕ್ಕೆ ಬೇಕಾದ ಬಂಡವಾಳ 50 ಲಕ್ಷ ಯೆನ್‌ನಿಂದ 3 ಕೋಟಿ ಯೆನ್‌ಗೆ ಏರಿತು. ಜೊತೆಗೆ ಪೂರ್ಣಾವಧಿ ನೌಕರ ಒಬ್ಬನಾದರೂ ಇರಬೇಕು, ಜಪಾನಿ ಭಾಷೆಯ ಷರತ್ತೂ ಇದೆ. ಹಳೇ ವಿಡಿಯೊಗಳಲ್ಲಿ ಈಗಲೂ 50 ಲಕ್ಷ ಅಂತಲೇ ಹೇಳುತ್ತಿರುತ್ತಾರೆ, ನಂಬಬೇಡಿ.

## ಹಂತ 2: ದುಡ್ಡು ಹೋಗುವ ದಾರಿ

ಭಾರತದಲ್ಲಿ ವಾಸವಿರುವವರು ಆರ್‌ಬಿಐನ ಉದಾರ ರವಾನೆ ಯೋಜನೆಯಡಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಗಂಡ ಹೆಂಡತಿ ಇಬ್ಬರೂ ಕಳಿಸಿ ಒಟ್ಟು ಹಾಕುವುದಾದರೆ ಆಸ್ತಿಯಲ್ಲಿ ಇಬ್ಬರ ಹೆಸರೂ ಇರಬೇಕು. ಆಸ್ತಿ ಖರೀದಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದು ಲೆಕ್ಕಕ್ಕೆ ಸಿಗುತ್ತದೆ ನಿಜ, ಆದರೆ ಅಲ್ಲಿತನಕ ಆ ದುಡ್ಡು ಕೈಯಲ್ಲಿರುವುದಿಲ್ಲ. ಆಮೇಲೆ ಪ್ರತಿ ವರ್ಷ ವಿದೇಶಿ ಆಸ್ತಿಯ ಶೆಡ್ಯೂಲ್‌ನಲ್ಲಿ ಈ ಮನೆ ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡದ ಅವಕಾಶವಿದೆ. ಕಂಪನಿ ಮಾಡಿ ಅದರ ಹೆಸರಲ್ಲಿ ಕೊಳ್ಳುವುದಾದರೆ ನಿಯಮವೇ ಬೇರೆ, ನಿಮ್ಮ ಸಿ.ಎ. ಹತ್ತಿರ ಮೊದಲೇ ಕೂತು ಮಾತಾಡಿ.

ವಿದೇಶದಲ್ಲಿರುವವರಿಗೆ ಜಪಾನಿ ಬ್ಯಾಂಕುಗಳು ಸಾಲ ಕೊಡುವುದು ತೀರಾ ಅಪರೂಪ. ಅದರಲ್ಲೂ ಹಳ್ಳಿಯ ಹಳೇ ಮರದ ಕಟ್ಟಡಕ್ಕೆ. ಪೂರ್ತಿ ನಗದು ಅಂದುಕೊಂಡೇ ಲೆಕ್ಕ ಹಾಕಿ.

## ಹಂತ 3: ಹುಡುಕಾಟ

ಪುರಸಭೆ, ಗ್ರಾಮಗಳು ನಡೆಸುವ ಅಕಿಯಾ ಬ್ಯಾಂಕ್‌ನಲ್ಲಿ ಖಾಲಿ ಮನೆಗಳ ಪಟ್ಟಿ ಸಿಗುತ್ತದೆ. ದೇಶದಲ್ಲಿ ಖಾಲಿ ಮನೆಗೇನೂ ಬರವಿಲ್ಲ, 2023ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಸಿಕ್ಕವು. ಆದರೆ ಕೆಲವು ಊರುಗಳು ಅಲ್ಲೇ ಬಂದು ನೆಲೆಸುವವರಿಗೆ ಮಾತ್ರ ಕೊಡುತ್ತವೆ. ಷರತ್ತು ಓದಿ.

ಅತಿಥಿಗೃಹಕ್ಕೆ ಇನ್ನೊಂದು ಬಾಗಿಲಿದೆ, ಅದನ್ನು ಹೆಚ್ಚಿನವರು ತಟ್ಟುವುದೇ ಇಲ್ಲ. ಪ್ರತಿ ಪ್ರಾಂತ್ಯದಲ್ಲೂ ವಾರಸುದಾರರಿಲ್ಲದ ಸಣ್ಣ ವ್ಯಾಪಾರಗಳನ್ನು ಹೊಸಬರಿಗೆ ದಾಟಿಸುವ ಸರ್ಕಾರಿ ನೆರವು ಕೇಂದ್ರ ಇದೆ. ವಯಸ್ಸಾದ ದಂಪತಿ ಇನ್ನೂ ನಡೆಸುತ್ತಿರುವ ರ್ಯೋಕನ್ ಅಲ್ಲಿ ಸಿಕ್ಕರೆ ಅದೃಷ್ಟ. 2023ರ ಡಿಸೆಂಬರಿನಿಂದ ವ್ಯಾಪಾರದ ಜೊತೆ ಲೈಸೆನ್ಸನ್ನೂ ಅನುಮತಿ ಪಡೆದು ವರ್ಗಾಯಿಸಿಕೊಳ್ಳಬಹುದು. ಮಾಲೀಕರು ವ್ಯಾಪಾರ ನಿಲ್ಲಿಸಿದ್ದೇವೆ ಅಂತ ಬರೆದುಕೊಟ್ಟಿದ್ದರೆ ವರ್ಗಾಯಿಸಲು ಏನೂ ಉಳಿದಿರುವುದಿಲ್ಲ. ಹೊಸ ಅರ್ಜಿ, ಇವತ್ತಿನ ನಿಯಮ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: “ವ್ಯಾಪಾರ ಮುಚ್ಚಿದ್ದೇವೆ ಅಂತ ಬರೆದುಕೊಟ್ಟಿದ್ದೀರಾ, ಇಲ್ಲ ಸುಮ್ನೆ ಬಾಗಿಲು ಹಾಕಿದ್ದೀರಾ?”

ಜಾಹೀರಾತಿನಲ್ಲಿ ಮೂರು ಮಾತು ಕಂಡರೆ ನಿಂತು ಯೋಚಿಸಿ. “ಗೆಂಜೋ ವತಾಶಿ” ಅಂದರೆ ಇದ್ದ ಹಾಗೇ ಕೊಡುತ್ತಾರೆ, ಒಳಗಿನ ಸಾಮಾನು ಸಮೇತ. “ಸಾಯ್‌ಕೆಂಚಿಕು ಫುಕಾ” ಅಂದರೆ ಕೆಡವಿದರೆ ಮತ್ತೆ ಕಟ್ಟಲು ಬಿಡುವುದಿಲ್ಲ. “ಕೊಕುಚಿ ಜಿಕೋ ಆರಿ” ಅಂದರೆ ಹೇಳಲೇಬೇಕಾದ ಸಂಗತಿ ಇದೆ. ಅದು ಸಾವಾಗಿರಬಹುದು, ನೆರೆಯಾಗಿರಬಹುದು, ಕೇಳಿಯೇ ತಿಳಿಯಬೇಕು.

## ಹಂತ 4: ಕೂತಲ್ಲೇ ಹೊಳೆಯನ್ನು ಓದುವುದು

ವಿಮಾನದ ಟಿಕೆಟ್ ತೆಗೆಯುವ ಮೊದಲು ಮಾಡುವ ಕೆಲಸ ಇದು. ಖರ್ಚಿಲ್ಲ, ಒಂದು ಸಂಜೆ ಸಾಕು. ನನ್ನ ಪ್ರಕಾರ ನೋಡುವ ಮನೆಗಳಲ್ಲಿ ಅರ್ಧ ಇಲ್ಲೇ ಪಟ್ಟಿಯಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ನೀವು ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ.

ಜಪಾನ್ ಸರ್ಕಾರದ ಹಜಾರ್ಡ್ ಮ್ಯಾಪ್ ಪೋರ್ಟಲ್‌ನಲ್ಲಿ ವಿಳಾಸ ಹಾಕಿ. ನೆರೆ ಬಂದರೆ ಎಷ್ಟು ಮೀಟರ್ ನೀರು ನಿಲ್ಲಬಹುದು ಅಂತ ಬಣ್ಣದಲ್ಲಿ ಕಾಣುತ್ತದೆ. ಅದೇ ನಕ್ಷೆಯಲ್ಲಿ ಗುಡ್ಡ ಜರಿಯುವ ಪದರವನ್ನೂ ಹಾಕಿಕೊಳ್ಳಿ. ಕಣಿವೆಯ ರ್ಯೋಕನ್‌ಗೆ ಮುಂದೆ ಹೊಳೆ, ಹಿಂದೆ ಗುಡ್ಡ. ಹಳದಿ ವಲಯವಾದರೆ ಎಚ್ಚರ, ಕೆಂಪು ವಲಯವಾದರೆ ಬಿಟ್ಟುಬಿಡಿ. ಅಲ್ಲಿ ಕಟ್ಟುವುದಕ್ಕೇ ವಿಶೇಷ ನಿರ್ಬಂಧಗಳಿವೆ.

ನಕ್ಷೆಯನ್ನು ಉಡಾಫೆ ಮಾಡುವವರು ಕುಮಾಮೊಟೊ ಪ್ರಾಂತ್ಯದ ಹಿತೋಯೋಶಿ ಊರನ್ನು ನೋಡಲಿ. ಕುಮಾ ನದಿಯ ದಂಡೆಯ ಬಿಸಿನೀರ ಬುಗ್ಗೆಗಳ ಊರದು. 2020ರ ಜುಲೈ 4ರಂದು ಹೊಳೆ ಊರೊಳಗೆ ನುಗ್ಗಿತು, ದಂಡೆಯ ರ್ಯೋಕನ್‌ಗಳು ಮುಳುಗಿದವು. ಹೊಳೆಗುಂಟ ಓಡುತ್ತಿದ್ದ ರೈಲು ಮಾರ್ಗದ ಸೇತುವೆಗಳೂ ಕೊಚ್ಚಿಹೋದವು, ಆ ಮಾರ್ಗ ವರ್ಷಗಟ್ಟಲೆ ನಿಂತಿತು. ಮನೆ ಉಳಿದರೂ ಅತಿಥಿಗಳು ಬರುವ ದಾರಿ ಉಳಿಯಬೇಕಲ್ಲ.

ದಾರಿಯ ವಿಚಾರಕ್ಕೆ ಶಿಕೋಕು ದ್ವೀಪದ ಶಿಮಾಂತೊ ನದಿ ಒಳ್ಳೆ ಉದಾಹರಣೆ. 196 ಕಿಲೋಮೀಟರ್ ಉದ್ದದ ಈ ಹೊಳೆಗೆ ಅಲ್ಲಲ್ಲಿ ಚಿಂಕಾಬಾಶಿ ಅನ್ನುವ ತಗ್ಗು ಸೇತುವೆಗಳಿವೆ. ಪಕ್ಕಕ್ಕೆ ತಡೆಕಂಬಿ ಇರುವುದಿಲ್ಲ, ನೆರೆಯಲ್ಲಿ ಮುಳುಗಲಿ ಅಂತಲೇ ಕಟ್ಟಿದ್ದು. ಫೋಟೋದಲ್ಲಿ ಬಹಳ ಚಂದ. ನಿಮ್ಮ ಮನೆಗೆ ಅದೊಂದೇ ದಾರಿಯಾದರೆ ಮಳೆಗಾಲದಲ್ಲಿ ಆಚೆ ಬರಲು ಆಗದ ದಿನಗಳಿರುತ್ತವೆ. ರಿಪೇರಿಗೆ ಮರ, ಸಿಮೆಂಟು ತರುವ ಲಾರಿ ಅದರ ಮೇಲೆ ಹೋಗುವುದೋ ಇಲ್ಲವೋ ಅನ್ನುವುದು ಇನ್ನೊಂದು ಪ್ರಶ್ನೆ. ಬೇರೆ ರಸ್ತೆ ಇದೆಯೇ ನೋಡಿ.

ಆಮೇಲೆ ನದಿ ಕಾನೂನು. ಹೊಳೆಗಿಳಿಯುವ ಮೆಟ್ಟಿಲು, ನೀರಿನ ಮೇಲೆ ಚಾಚಿದ ಅಟ್ಟ, ಕೆಳಗಿನ ತೋಟ, ಇವೆಲ್ಲ ಮಾಲೀಕರ ಜಮೀನಿನಲ್ಲೇ ಇವೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ನದಿಯ ಜಾಗ, ಬಳಸಲು ಅನುಮತಿ ಪಡೆದಿರುತ್ತಾರೆ. ಆ ಅನುಮತಿ ಮನೆಯ ಜೊತೆ ತಾನಾಗಿ ಬರುವುದಿಲ್ಲ, ನದಿ ಇಲಾಖೆ ಒಪ್ಪಬೇಕು. ದಂಡೆಗೆ ತಾಗಿದ ಸಂರಕ್ಷಣಾ ವಲಯದಲ್ಲಿ ಮಣ್ಣು ಅಗೆಯುವುದಕ್ಕೂ ಹೊಸದಾಗಿ ಕಟ್ಟುವುದಕ್ಕೂ ಅನುಮತಿ ಬೇಕು. ಜಾಹೀರಾತಿನ ಅತಿ ಚಂದದ ಫೋಟೋ ಇರುವ ಜಾಗವೇ ನಿಮ್ಮದಾಗದೆ ಹೋಗಬಹುದು.

## ಹಂತ 5: ಕಾಗದ ಪತ್ರ

ನಮ್ಮಲ್ಲಿ ಇ.ಸಿ. ತೆಗೆಸುವ ಹಾಗೆ ಅಲ್ಲಿ ಹೋಮುಕ್ಯೋಕು ಅನ್ನುವ ನೋಂದಣಿ ಕಚೇರಿಯಿಂದ ನೋಂದಣಿ ಪ್ರಮಾಣಪತ್ರ ತೆಗೆಸಬೇಕು. ಕೌಂಟರಿನಲ್ಲಿ ಒಂದಕ್ಕೆ 600 ಯೆನ್. ಯಾರು ಬೇಕಾದರೂ ಪಡೆಯಬಹುದು. ಜಮೀನಿನ ಪ್ರತಿ ತುಂಡಿಗೂ ಕಟ್ಟಡಕ್ಕೂ ಬೇರೆ ಬೇರೆ ತೆಗೆಸಿ. ಅದರಲ್ಲಿ ನೋಡಬೇಕಾದ್ದು ಇಷ್ಟು.

ಮಾಲೀಕರು ಬದುಕಿದ್ದಾರೆಯೇ. ಅಜ್ಜನ ಹೆಸರಲ್ಲೇ ಉಳಿದ ಆಸ್ತಿ ಬಹಳ ಇವೆ. 2024ರ ಏಪ್ರಿಲ್‌ನಿಂದ ವಾರಸುದಾರರು ನೋಂದಣಿ ಮಾಡಿಸುವುದು ಕಡ್ಡಾಯವಾಗಿದೆ, ಆದರೂ ಎಷ್ಟೋ ಜನ ಮಾಡಿಸಿಲ್ಲ. ವಾರಸುದಾರರು ಮಾಡಿಸುವ ತನಕ ಒಂದು ಯೆನ್ ಕೂಡ ಕೊಡಬೇಡಿ.

ಅಡಮಾನ. ರ್ಯೋಕನ್‌ಗಳು ವ್ಯಾಪಾರಕ್ಕೆ ಸಾಲ ಎತ್ತಿರುತ್ತವೆ. ಬಾಕಿ ಸಾಲ ನಿಮ್ಮ ಬೆಲೆಗಿಂತ ದೊಡ್ಡದಾದರೆ ಬ್ಯಾಂಕು ಒಪ್ಪದೆ ವ್ಯವಹಾರ ಮುಗಿಯುವುದಿಲ್ಲ. ಜಪ್ತಿ ಟಿಪ್ಪಣಿ ಇದ್ದರೆ ಶಿಹೋ ಶೋಶಿಗೆ ತೋರಿಸದೆ ಮುಂದೆ ಹೋಗಬೇಡಿ.

ಅಳತೆ ತಾಳೆ ಆಗುತ್ತದೆಯೇ. ನೋಂದಣಿಯ ಚದರ ಮೀಟರ್, ಆಸ್ತಿ ತೆರಿಗೆ ಪಟ್ಟಿಯ ಚದರ ಮೀಟರ್, ಆಮೇಲೆ ಮನೆಗೆ ಹೋದಾಗ ನೀವು ಟೇಪಿನಲ್ಲಿ ಅಳೆಯುವುದು ಮೂರೂ ಹತ್ತಿರ ಇರಬೇಕು. ವ್ಯಾಪಾರ ಜೋರಾಗಿದ್ದಾಗ ಹಿಂದೆ ಒಂದು ಸ್ನಾನಗೃಹ, ಪಕ್ಕಕ್ಕೆ ಎರಡು ಕೋಣೆ ಅಂತ ಸೇರಿಸುತ್ತಾ ಹೋಗಿ ಬರೆಸದೇ ಬಿಟ್ಟಿರುತ್ತಾರೆ. ಈ ಬರೆಸದ ಭಾಗವೇ ಲೈಸೆನ್ಸ್ ಅರ್ಜಿಯಲ್ಲಿ ಕಾಲಿಗೆ ತೊಡಕಾಗುತ್ತದೆ.

ಜಮೀನಿನ ವರ್ಗ. ಒಂದು ತುಂಡು ಗದ್ದೆ ಅಂತ ದಾಖಲಾಗಿದ್ದರೂ ಕೃಷಿ ಸಮಿತಿಯ ಅನುಮತಿ ಬೇಕು. ಕಾರು ನಿಲ್ಲಿಸುವ ಜಾಗ ಕಾಗದದಲ್ಲಿ ಗದ್ದೆಯಾಗಿರುವುದು ಹಳ್ಳಿಗಳಲ್ಲಿ ಮಾಮೂಲಿ.

ಕಟ್ಟಿದ ವರ್ಷ. ವರ್ಷ ಹೆಚ್ಚಾಗಿ ಶೋವಾ ಅನ್ನುವ ಜಪಾನಿ ಶಕೆಯ ಲೆಕ್ಕದಲ್ಲಿರುತ್ತದೆ, ಹಾಗಿದ್ದರೆ 1925 ಕೂಡಿಸಿ. ಶೋವಾ 56, ಅಂದರೆ 1981ರ ಜೂನ್‌ನಲ್ಲಿ ಭೂಕಂಪದ ಹೊಸ ನಿಯಮ ಬಂತು. ಅದಕ್ಕೂ ಮುಂಚಿನ ಅನುಮತಿಯ ಕಟ್ಟಡವಾದರೆ ಬಲಪಡಿಸುವ ಖರ್ಚನ್ನು ಲೆಕ್ಕಕ್ಕೆ ಹಾಕಿಕೊಳ್ಳಿ. ಕಟ್ಟಿ ಮುಗಿದಾಗ ಕೊಡುವ ತಪಾಸಣಾ ಪತ್ರ ಇದೆಯೇ ಕೇಳಿ. ಇಲ್ಲದಿದ್ದರೆ ಮುಂದಿನ ಪ್ರತಿ ಅನುಮತಿಯೂ ನಿಧಾನ.

## ಹಂತ 6: ಕಚೇರಿಗಳ ಸುತ್ತು, ಮನೆ ನೋಡುವ ಮೊದಲು

ಗ್ಯೋಸೇ ಶೋಶಿಗೆ ದುಡ್ಡು ಕೊಡಲು ಇದು ಸರಿಯಾದ ಜಾಗ. ಹಳೇ ನಕ್ಷೆ ಹಿಡಿದು ಮೂರು ಕಡೆ ಹೋಗಿ “ಈ ಕಟ್ಟಡದಲ್ಲಿ ಅತಿಥಿಗೃಹ ನಡೆಸಲು ಏನೇನು ಬೇಕು” ಅಂತ ಕೇಳಿಕೊಂಡು ಬರಬೇಕು. ಮೊದಲು ಕೇಳಿದವರಿಗೆ ಅಲ್ಲಿನ ಅಧಿಕಾರಿಗಳು ತಾಳ್ಮೆಯಿಂದ ಹೇಳುತ್ತಾರೆ. ಕೊಂಡ ಮೇಲೆ ಕೇಳಿದರೂ ಅದನ್ನೇ ಹೇಳುತ್ತಾರೆ, ಅಷ್ಟರಲ್ಲಿ ತಡವಾಗಿರುತ್ತದೆ.

ಹೋಕೆನ್‌ಜೋ, ಅಂದರೆ ಆರೋಗ್ಯ ಕಚೇರಿ, ಲೈಸೆನ್ಸ್ ಕೊಡುವುದು. ಊಟ ಹಾಕುವುದಾದರೆ ಅದಕ್ಕೂ ಇಲ್ಲೇ ಬೇರೆ ಅನುಮತಿ.

ಅಗ್ನಿಶಾಮಕ ಕಚೇರಿಯ ಒಪ್ಪಿಗೆ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಎಷ್ಟೇ ಸಣ್ಣ ರ್ಯೋಕನ್ ಆದರೂ ಸ್ವಯಂಚಾಲಿತ ಬೆಂಕಿ ಸೂಚಕ ಬೇಕೇ ಬೇಕು. ಪರದೆಗಳೂ ಬೆಂಕಿ ಹತ್ತದ ಬಟ್ಟೆಯವಾಗಿರಬೇಕು.

ಕಟ್ಟಡ ವಿಭಾಗ ಮೂರನೆಯದು. 2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಕಟ್ಟಡಕ್ಕೂ ದೊಡ್ಡ ರಿಪೇರಿಗೆ ಮುಂಚಿತ ಅನುಮತಿ ಬೇಕಾಗಿದೆ. ಅರ್ಧಕ್ಕಿಂತ ಹೆಚ್ಚು ಕಂಬ, ತೊಲೆ ಬದಲಿಸುವಂಥ ಕೆಲಸ ಇದರಲ್ಲಿ ಬರುತ್ತದೆ.

ಈಗ ಕೊಳಚೆ ನೀರು. ಕಣಿವೆಯಲ್ಲಿ ಒಳಚರಂಡಿ ಇರುವುದು ಕಡಿಮೆ. ಹಿತ್ತಲಲ್ಲಿ ಜೋಕಾಸೋ ಅನ್ನುವ ಶುದ್ಧೀಕರಣ ಟ್ಯಾಂಕ್ ಹೂತಿರುತ್ತಾರೆ. ಹಳೇ ಟ್ಯಾಂಕು ಬರೀ ಶೌಚಾಲಯದ್ದಾದರೆ ಅಡುಗೆಮನೆ, ಸ್ನಾನದ ನೀರು ನೇರ ಹೊಳೆಗೆ ಹೋಗುತ್ತಿರುತ್ತದೆ. ಈ ಬಗೆಯದನ್ನು ಹೊಸದಾಗಿ ಹಾಕುವುದು 2001ರಿಂದ ನಿಷೇಧ. ಎಲ್ಲ ನೀರನ್ನೂ ಶುದ್ಧಿ ಮಾಡುವ ದೊಡ್ಡ ಟ್ಯಾಂಕ್ ಹಾಕಬೇಕಾಗಿ ಬಂದರೆ ಖರ್ಚು ದೊಡ್ಡದು, ರ್ಯೋಕನ್‌ಗೆ ಗಾತ್ರ ಕಟ್ಟಡದ ಒಟ್ಟು ನೆಲದ ವಿಸ್ತೀರ್ಣದ ಮೇಲೆ ಹೋಗುತ್ತದೆ. ಅಷ್ಟು ದೊಡ್ಡ ಗುಂಡಿ ತೋಡಲು ಹಿತ್ತಲಲ್ಲಿ ಜಾಗವಿದೆಯೇ, ಅದು ನದಿಯ ಸಂರಕ್ಷಣಾ ವಲಯವಲ್ಲವೇ ಅನ್ನುವುದನ್ನು ಒಟ್ಟಿಗೇ ನೋಡಿ. ರ್ಯೋಕನ್‌ನ ಅಡುಗೆಮನೆ, ಸ್ನಾನಗೃಹದ ನೀರಿಗೆ ಜಲಮಾಲಿನ್ಯ ಕಾನೂನಿನ ಪ್ರಕಾರವೂ ಮುಂಚಿತವಾಗಿ ತಿಳಿಸಬೇಕು.

ಬಿಸಿನೀರ ಬುಗ್ಗೆ ಇದ್ದರೆ ನೀರಿನ ಹಕ್ಕು ಯಾರದು ಕೇಳಿ. ಊರಿನ ಸಂಘದ್ದಾದರೆ ಹೆಸರು ಬದಲಾವಣೆಗೆ ಶುಲ್ಕ, ತಿಂಗಳಿಗೆ ಬಾಡಿಗೆ ಇರುತ್ತದೆ. ಸಂಘ ಬೇಡ ಅಂದರೆ ನಿಮ್ಮ ತೊಟ್ಟಿ ಬರೀ ತೊಟ್ಟಿ.

## ಹಂತ 7: ಈಗ ಹೋಗಿ ಕಟ್ಟಡ ನೋಡಿ

ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ. ಕರೆಂಟು, ನೀರು ಎರಡನ್ನೂ ಆವತ್ತು ಹಾಕಿಸಿರಲು ಮೊದಲೇ ಹೇಳಿ. ಚಳಿಗಾಲದಲ್ಲಿ ಮುಚ್ಚಿಟ್ಟ ಮನೆಯ ಪೈಪುಗಳು ಹೆಪ್ಪುಗಟ್ಟಿ ಒಡೆದಿರುತ್ತವೆ. ನೀರು ಬಿಡದೆ ಅದು ಗೊತ್ತಾಗುವುದಿಲ್ಲ. “ನೀರು ಆಮೇಲೆ ನೋಡೋಣ” ಅಂದರೆ ಅದೇ ಎಚ್ಚರಿಕೆಯ ಗಂಟೆ.

ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಅಡುಗೆಮನೆಯ ನೆಲದಲ್ಲಿ ಸಾಮಾನಿಡುವ ಮುಚ್ಚಳ ಇರುತ್ತದೆ, ಅದನ್ನೆತ್ತಿ ಟಾರ್ಚ್ ಬಿಡಿ. ಅಡಿಪಾಯದ ಮೇಲೆ ಒಣಗಿ ಬಿರಿದ ನಯವಾದ ಮೆಕ್ಕಲು ಕಂಡರೆ ಹೊಳೆ ಒಳಗೆ ಬಂದು ಹೋಗಿದೆ. ತಾತಾಮಿ ಚಾಪೆ ಎತ್ತಿಸಿ ಹಲಗೆಯ ಬಣ್ಣ ನೋಡಿ. ಹಾಸಿಗೆ ಇಡುವ ಗೋಡೆಗೂಡಿನ ಒಳಮೂಲೆಯಲ್ಲಿ ಕಂಬದ ಮೇಲೆ ಅಡ್ಡ ಕಲೆ ಇದೆಯೇ ಹುಡುಕಿ, ಅಲ್ಲಿ ಯಾರೂ ಬಣ್ಣ ಬಳಿದಿರುವುದಿಲ್ಲ. ಕೆಳಅಂತಸ್ತಿನ ಎಲ್ಲ ಗೋಡೆಗೂ ಒಂದೇ ಎತ್ತರದ ತನಕ ಹೊಸ ಪ್ಲೈವುಡ್ ಹೊಡೆದಿದ್ದರೆ ಅದು ಅಲಂಕಾರಕ್ಕೆ ಮಾಡಿದ್ದಲ್ಲ.

ಗೆದ್ದಲಿಗೆ ಸ್ನಾನಗೃಹದ ಸುತ್ತಲ ಮರ ಇಷ್ಟ. ಮಣ್ಣಿನ ಸಣ್ಣ ಕೊಳವೆಗಳನ್ನು ಹುಡುಕಿ, ಕಂಬದ ಬುಡವನ್ನು ತಟ್ಟಿ ನೋಡಿ, ಟೊಳ್ಳು ಸದ್ದು ತಾನೇ ಹೇಳುತ್ತದೆ. ನೆಲಕ್ಕೆ ಮಟ್ಟಗೋಲು ಇಡಿ. 1 ಮೀಟರಿಗೆ 6 ಮಿಲಿಮೀಟರ್ ಅಥವಾ ಅದಕ್ಕೂ ಜಾಸ್ತಿ ವಾಲಿದ್ದರೆ ಆರ್ಕಿಟೆಕ್ಟ್ ಬರದೆ ಮುಂದುವರಿಯಬೇಡಿ. ಹೊಳೆಯ ಕಡೆಗೇ ವಾಲಿದ್ದರೆ ದಂಡೆಯ ಕಲ್ಲಿನ ತಡೆಗೋಡೆ ಹೊಟ್ಟೆ ಬಂದಿದೆಯೇ ಕೆಳಗಿಳಿದು ನೋಡಿ. ಆ ಗೋಡೆ ಯಾರದು, ಬಿದ್ದರೆ ಯಾರು ಕಟ್ಟಬೇಕು ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಛಾವಣಿಗೆ ಅಟ್ಟದಿಂದ ಬೆಳಕು ಕಾಣುತ್ತದೆಯೇ ನೋಡಿದರೆ ಅರ್ಧ ಗೊತ್ತಾಗುತ್ತದೆ.

ಕೊನೆಗೆ ಸಾಮಾನು ಎಣಿಸಿ. ಮುಚ್ಚಿದ ರ್ಯೋಕನ್ ಖಾಲಿ ಇರುವುದಿಲ್ಲ. ಬೂಷ್ಟು ಹಿಡಿದ ಹಾಸಿಗೆ, ಮೆತ್ತೆ, ಔತಣದ ತಟ್ಟೆ ಬಟ್ಟಲು, ಕೆಟ್ಟ ಫ್ರಿಜ್. ವ್ಯಾಪಾರದ ಕಸವಾದ್ದರಿಂದ ಊರಿನ ಮನೆಕಸದ ಜೊತೆ ಇಡುವ ಹಾಗಿಲ್ಲ, ದುಡ್ಡು ಕೊಟ್ಟು ಸಾಗಿಸಬೇಕು.

## ಹಂತ 8: ಬೆಲೆ ನೋಡುವ ಸಮಯ

ಕೇಳುವ ಬೆಲೆಯ ಪಕ್ಕದಲ್ಲಿ ಇವನ್ನು ಬರೆಯಿರಿ: ರಿಪೇರಿ, ಟ್ಯಾಂಕು, ಬೆಂಕಿ ಸೂಚಕ, ಕಸ, ತೆರಿಗೆ. ಬಹಳ ಸಲ ಮನೆಯ ಬೆಲೆಯೇ ಎಲ್ಲಕ್ಕಿಂತ ಸಣ್ಣ ಮೊತ್ತವಾಗಿರುತ್ತದೆ.

ದಲ್ಲಾಳಿ ಕಮಿಷನ್ನಿನ ಗರಿಷ್ಠ ಮಿತಿ ಮಾಮೂಲಿಯಾಗಿ 3% ಮತ್ತು 60,000 ಯೆನ್, ಮೇಲೆ ತೆರಿಗೆ. 2024ರ ಜುಲೈನಿಂದ 80 ಲಕ್ಷ ಯೆನ್ ಒಳಗಿನ ಆಸ್ತಿಗೆ ತೆರಿಗೆ ಸೇರಿ 3,30,000 ಯೆನ್ ತನಕ ಕೇಳಬಹುದು. ಮಾರುವವರು ವ್ಯಾಪಾರಿಗಳಾಗಿ ತೆರಿಗೆ ಕಟ್ಟುವವರಾದರೆ ಕಟ್ಟಡದ ಬೆಲೆಗೆ 10% ಬಳಕೆ ತೆರಿಗೆ ಬೀಳುತ್ತದೆ, ಜಮೀನಿಗೆ ಇಲ್ಲ.

ವಾಸದ ಮನೆಗೆ ಸಿಗುವ ರಿಯಾಯಿತಿ ರ್ಯೋಕನ್‌ಗೆ ಸಿಗುವುದಿಲ್ಲ. ಸ್ವಾಧೀನ ತೆರಿಗೆ ಮನೆಗೆ 3%, ವಾಸದ್ದಲ್ಲದ ಕಟ್ಟಡಕ್ಕೆ 4%. ಲೆಕ್ಕ ಹಿಡಿಯುವುದು ಸರ್ಕಾರಿ ಮೌಲ್ಯದ ಮೇಲೆ. ಈ ಬಿಲ್ಲು ಕೊಂಡು ಕೆಲವು ತಿಂಗಳಾದ ಮೇಲೆ ಬರುತ್ತದೆ, ಎಲ್ಲರೂ ಮರೆತಿರುತ್ತಾರೆ.

ವಿಮೆಯಲ್ಲೂ ಇದೇ ಕಥೆ. ಸರ್ಕಾರಿ ಬೆಂಬಲದ ಭೂಕಂಪ ವಿಮೆ ವಾಸದ ಕಟ್ಟಡಗಳಿಗೆ ಮಾತ್ರ. ನೆರೆ ರಕ್ಷಣೆಗೆ ಎಷ್ಟು ಕಂತು, ಕೊಡುತ್ತಾರೋ ಇಲ್ಲವೋ ಅಂತ ಕರಾರಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ.

## ಹಂತ 9: ಕರಾರು ಮತ್ತು ನೋಂದಣಿ

ಕರಾರಿಗೆ ಮೊದಲು ಪರವಾನಗಿ ಇರುವ ತಜ್ಞರು “ಮುಖ್ಯ ವಿಷಯಗಳ ವಿವರಣೆ” ಓದಿ ಹೇಳಬೇಕು. ಇದು ಕಾನೂನು. ನೆರೆ ನಕ್ಷೆಯಲ್ಲಿ ಮನೆ ಎಲ್ಲಿದೆ ಅಂತ ತೋರಿಸುವುದು 2020ರ ಆಗಸ್ಟ್‌ನಿಂದ ಇದರ ಭಾಗ. ಕಾಗದವನ್ನು ಒಂದು ವಾರ ಮೊದಲೇ ಕೇಳಿ ಅನುವಾದ ಮಾಡಿಸಿ. ಸಹಿ ಹಾಕುವ ದಿನವೇ ಮೊದಲ ಸಲ ಓದಬೇಡಿ.

ಕರಾರಿನಲ್ಲಿ ಎರಡು ಷರತ್ತಿಗೆ ಹಟ ಹಿಡಿಯಿರಿ. ಲೈಸೆನ್ಸ್ ಸಿಗದಿದ್ದರೆ ದಂಡವಿಲ್ಲದೆ ಕರಾರು ರದ್ದು, ಮುಂಗಡ ವಾಪಸ್ ಅನ್ನುವುದು ಒಂದು. ಮುಚ್ಚಿಟ್ಟ ದೋಷಕ್ಕೆ ಮಾರುವವರ ಹೊಣೆ ಇಷ್ಟು ತಿಂಗಳು ಅನ್ನುವುದು ಇನ್ನೊಂದು. ಖಾಸಗಿಯವರು ಎರಡನೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಗ ಬೆಲೆ ಇಳಿಸಲು ಅದೇ ಕಾರಣ. ಮೊದಲನೆಯದನ್ನೂ ಒಪ್ಪದಿದ್ದರೆ ಎದ್ದು ಬನ್ನಿ. ಷರತ್ತಿಲ್ಲದೆ ನೀವು ಹಿಂದೆ ಸರಿದರೆ ಮುಂಗಡ ಹೋಯಿತು ಅಂತಲೇ ಲೆಕ್ಕ.

ವಿದೇಶದಲ್ಲಿರುವವರು ವಿಳಾಸ ಮತ್ತು ಸಹಿಗೆ ನೋಟರಿ ಮಾಡಿಸಿದ ಪ್ರಮಾಣಪತ್ರ, ಪಾಸ್‌ಪೋರ್ಟ್ ಪ್ರತಿ ಕೊಡಬೇಕು. 2024ರ ಏಪ್ರಿಲ್‌ನಿಂದ ನೋಂದಣಿಯಲ್ಲಿ ವಿದೇಶಿಯರ ಹೆಸರು ರೋಮನ್ ಅಕ್ಷರದಲ್ಲೂ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇನಿಷಿಯಲ್ ಇರುವ ನಮ್ಮವರಿಗೆ ಇದು ನಿಜವಾದ ತೊಂದರೆ. ದುಡ್ಡು ಕಳಿಸುವ ಮೊದಲೇ ಹೆಸರು ಒಂದೇ ಮಾಡಿಕೊಳ್ಳಿ. ಜಪಾನಿನೊಳಗಿನ ಸಂಪರ್ಕ ವ್ಯಕ್ತಿಯ ವಿವರವನ್ನೂ ಬರೆಸಬೇಕು.

ಬಾಕಿ ಹಣ, ಅಡಮಾನ ತೆಗೆಯುವುದು, ಹೆಸರು ಬದಲಾವಣೆಯ ಅರ್ಜಿ, ಮೂರೂ ಒಂದೇ ದಿನ, ಶಿಹೋ ಶೋಶಿ ಎದುರಲ್ಲಿ.

## ಹಂತ 10: ಕೀಲಿ ಸಿಕ್ಕ ಮೊದಲ ತಿಂಗಳು

ಜಪಾನಿನಲ್ಲಿ ವಾಸವಿಲ್ಲದವರು ಕೊಂಡ 20 ದಿನದೊಳಗೆ ಬ್ಯಾಂಕ್ ಆಫ್ ಜಪಾನ್ ಮೂಲಕ ಹಣಕಾಸು ಮಂತ್ರಿಗೆ ವರದಿ ಕೊಡಬೇಕು. ತೆರಿಗೆ ನೋಟೀಸು ತೆಗೆದುಕೊಳ್ಳಲು ಅಲ್ಲಿ ಒಬ್ಬ ಪ್ರತಿನಿಧಿಯನ್ನು ನೇಮಿಸಿ.

ಊರಿನ ಸಂಘದ ಮುಖ್ಯಸ್ಥರನ್ನು ಹೋಗಿ ಮಾತಾಡಿಸಿ. ಸಂಘದ ಚಂದಾ, ಹೊಳೆದಂಡೆಯ ಹುಲ್ಲು ಕಡಿಯುವ ದಿನ, ಕಾಲುವೆ ಶುಚಿ ಮಾಡುವ ದಿನ ಕೇಳಿಟ್ಟುಕೊಳ್ಳಿ. ಬರಲಾಗದವರು ಏನು ಮಾಡಬೇಕು ಅಂತಲೂ ಕೇಳಿ. ಅತಿಥಿಗಳಿಗೆ ಆಯು ಮೀನು ಹಿಡಿಯಲು ಬಿಡುವ ಯೋಚನೆ ಇದ್ದರೆ ಮೀನುಗಾರರ ಸಂಘದ ಚೀಟಿ ಬೇಕು, ಅದನ್ನೂ ಇದೇ ಭೇಟಿಯಲ್ಲಿ ವಿಚಾರಿಸಬಹುದು.

ವಾಪಸ್ ಹೊರಡುವಾಗ ಉಳಿತಾಯ ಅಂತ ಮೇನ್ ಸ್ವಿಚ್ ಆರಿಸಿ ಬರಬೇಡಿ. ಜೋಕಾಸೋ ಟ್ಯಾಂಕಿಗೆ ಗಾಳಿ ಊದುವ ಸಣ್ಣ ಪಂಪು ಹಿತ್ತಲಲ್ಲಿ ಸದಾ ಗುಂಯ್ ಅನ್ನುತ್ತಿರಬೇಕು. ನಿಂತರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ, ಕೊಳೆ ಕೊಳೆಯಾಗೇ ಹೊಳೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಬರುವ ಕಡ್ಡಾಯ ತಪಾಸಣೆಯವರು ಮೊದಲು ನೋಡುವುದರಲ್ಲಿ ಈ ಪಂಪೂ ಒಂದು. ತುಂಬಾ ದಿನ ಬೀಗ ಹಾಕಿಡುವುದಾದರೆ ನಿರ್ವಹಣೆಯವರಿಗೆ ಹೇಳಿ, ಟ್ಯಾಂಕ್ ಶುಚಿ ಮಾಡಿಸಿ, ಬಳಕೆ ನಿಲ್ಲಿಸಿದ್ದೇವೆ ಅಂತ ಬರೆದುಕೊಟ್ಟು ಬನ್ನಿ.